ಖಾಲಿ ಕುರ್ಚಿಯ ಪಾಠ

ಕಮಲಾಪುರದಲ್ಲಿ ಬಸ್ಸಿಳಿದ ಗೌತಮಿ ಸೆರಗು ಸರಿಮಾಡಿಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಸುನಂದಾಳ ಮದುವೆ ನಿಲ್ಲಿಸಿ, ಅವಳನ್ನು ಮತ್ತೆ ಕಾಲೇಜಿಗೆ ಕಳಿಸಿ ಎಂದು ಕೇಳಲು ಬಂದಿದ್ದಳು. ಯಾವ ಮುಖದಿಂದ ಕೇಳುವುದು ಎಂಬುದು ಮಾತ್ರ ಕಲಬುರಗಿಯಿಂದ ಇಲ್ಲಿಯವರೆಗೂ ಹೊಳೆದಿರಲಿಲ್ಲ.

ತಾನು ಕಲಿಸುವ ಎಂ.ಎಡ್. ತರಗತಿಯಲ್ಲಿ ಗೌತಮಿಯೇ ಒಂದು ರೂಢಿ ಹಾಕಿದ್ದಳು. ನಾಳೆ ಇನ್ನೊಬ್ಬರಿಗೆ ಕಲಿಸುವವರು ಮೊದಲು ತಮ್ಮೊಳಗನ್ನು ನೋಡಿಕೊಳ್ಳಬೇಕೆಂಬುದು ಅವಳ ನಂಬಿಕೆ. ಶನಿವಾರ ಬಾಗಿಲು ಮುಚ್ಚಿ, ಮೊಬೈಲುಗಳನ್ನೆಲ್ಲ ಮೇಜಿನ ಡ್ರಾಯರಿನಲ್ಲಿಟ್ಟು, ಎಲ್ಲರೂ ಸುತ್ತ ಕೂಡುವರು. ನಡುವೆ ಒಂದು ಖಾಲಿ ಕುರ್ಚಿ. ಎದುರಿಗೆ ಹೇಳಲಾಗದ ಮಾತನ್ನು ಯಾರಿಗೆ ಹೇಳಬೇಕಿದೆಯೋ ಅವರನ್ನು ಮನಸ್ಸಿನಲ್ಲೇ ಅದರಲ್ಲಿ ಕೂಡಿಸಿಕೊಂಡು ಮಾತಾಡಬೇಕು. ಇಲ್ಲಿಯ ಮಾತು ಹೊರಗೆ ಹೋಗಬಾರದು. ವಿದ್ಯಾರ್ಥಿ ಶಿವಲಿಂಗ ತನ್ನ ಸೋದರಮಾವನನ್ನು ಕೂಡಿಸಿ, "ಮಾವಾ, ನಿನ್ನ ಮಗಳಿಗಿಂತ ನಿನ್ನ ಬುಲೆಟ್ ಗಾಡಿ ಮ್ಯಾಲೇ ನನ್ನ ಕಣ್ಣು" ಎಂದು ನಗಿಸಿದ್ದ.

ಸುನಂದಾ ಕೂಡಿಸಿದ್ದು ಸತ್ತ ಅಕ್ಕನನ್ನು.

"ಅಕ್ಕಾ, ಕಾಲು ಜಾರಿ ಬಾವ್ಯಾಗ ಬಿದ್ದಳು ಅಂದ್ರು. ನಿನ್ನ ಕುತ್ತಿಗಿ ಮ್ಯಾಲಿನ ಗುರುತ ನೋಡೀನಿ ನಾ. ನೋಡಿ ಸುಮ್ಮನಿದ್ದೆ. ಈಗ ಅದೇ ಮನಿಗಿ ನನ್ನ ಕೊಡ್ತಾರ."

ಅತ್ತು ಮುಗಿದ ಮೇಲೆ ಅವಳು ಮೂಗೊರೆಸಿಕೊಂಡು, "ಈಗ ಹಗುರ ಆಯ್ತ್ರೀ. ಒಲ್ಲೆ ಅಂತ ಮನ್ಯಾಗೂ ಹೇಳ್ತೀನಿ" ಎಂದಿದ್ದಳು. ಆ ಗುರುತಿನ ಬಗ್ಗೆ ಗೌತಮಿ ಮುಂದೆ ಏನೂ ಕೇಳಲಿಲ್ಲ. ಬ್ರಹ್ಮಪುರದ ತನ್ನ ಮನೆಗೆ ನಡೆದುಹೋಗುವಾಗ ಅವಳ ಮನಸ್ಸಿನಲ್ಲಿದ್ದದ್ದು, ಇಂದಿನ ಪಾಠ ಚೆನ್ನಾಗಿ ಆಯಿತೆಂಬ ಸಂತೋಷ.

ಮರುತಿಂಗಳು ಕಾಲೇಜಿಗೆ ತಪಾಸಣೆಯ ಸಮಿತಿ ಬಂತು. ಪ್ರಾಂಶುಪಾಲ ದೇವೀಂದ್ರಪ್ಪ ಅವಳನ್ನು ಕರೆದು, "ಮೇಡಂ, ನಿಮ್ಮ ಕುರ್ಚಿದು ಒಂದೀಟು ತೋರಸ್ರಿ. ಉಳದದ್ದೆಲ್ಲಾ ಬರೇ ಕಾಗದ ಅದ" ಎಂದರು. ಗೌತಮಿ ಸುನಂದಾಳನ್ನೇ ಆರಿಸಿದಳು. ಯಾರ ಹೆಸರನ್ನೂ ಹೇಳಬೇಡ ಎಂದಷ್ಟೇ ಹೇಳಿದಳು. ಸುನಂದಾ ಒಂದು ಕ್ಷಣ ಅವಳ ಮುಖ ನೋಡಿ ತಲೆಯಾಡಿಸಿದಳು. ಸಮಿತಿಯವರು ಚಪ್ಪಾಳೆ ತಟ್ಟಿದರು. ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಂಜೆಯೊಳಗೆ ಕಾಲೇಜಿನವರು ಅದರ ವಿಡಿಯೋ ಜಾಲತಾಣಕ್ಕೆ ಹಾಕಿದರು. ಹೆಸರಿಲ್ಲದಿದ್ದರೇನು, ಕಮಲಾಪುರಕ್ಕೆ ಅವಳ ಮುಖ ಗೊತ್ತಿತ್ತು. ಸುನಂದಾ ತರಗತಿಗೆ ಬರುವುದು ನಿಂತಿತು. ಸೋಮವಾರ ಮದುವೆಯೆಂದು ಶಿವಲಿಂಗನೇ ಸುದ್ದಿ ತಂದ.

ಮನೆಯಂಗಳದಲ್ಲಿ ಸುನಂದಾಳ ತಾಯಿ ಅಂಬಮ್ಮ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, ಸೆರಗಿನಿಂದ ಒರೆಸಿದಳು. "ಕೂಡ್ರಿ, ಮೇಡಂ." ತಾನು ನೆಲದ ಮೇಲೆ ಕೂತಳು. ಗೌತಮಿ ಆ ಕುರ್ಚಿಯ ತುದಿಯಲ್ಲಿ ಕೂತಳು.

ಒಳಗಿನಿಂದ ಸತ್ತ ಅಕ್ಕನ ಗಂಡ, ಸೋಮವಾರದ ಮದುಮಗನೂ ಆದ ಅಮರನಾಥ ಚಹಾದ ಕಪ್ಪು ಹಿಡಿದು ತಾನೇ ಬಂದ. "ತಗೋರಿ ಮೇಡಂ. ನಿಮ್ಮ ವಿಡಿಯೋ ಭಾಳ ಛಲೋ ಬಂದದ. ನಮ್ಮ ದೋಸ್ತರೆಲ್ಲಾ ನೋಡ್ಯಾರ. ನಾಟಕ ಕಲಸೋದು ಸಣ್ಣ ಕೆಲಸ ಅಲ್ಲ ಬಿಡ್ರಿ."

"ಅದು ನಾಟಕ ಅಲ್ರಿ."

"ಹಂಗಾದ್ರ ಏನ್ರೀ?" ಅವನು ನಗುತ್ತಲೇ ಕೇಳಿದ.

ಗೌತಮಿ ಬಾಯಿ ತೆರೆಯುವ ಮೊದಲೇ ಅಂಬಮ್ಮ ಹೇಳಿದಳು: "ನಾಟಕನೇ ಅದು. ನಮ್ಮ ಹುಡುಗಿ ಅಂದಾಳ, ಮೇಡಂ ಕಲಿಸಿದಂಗ ಅಂದೀನಿ ಅಂತ."

ಸುನಂದಾ ಬಾಗಿಲಲ್ಲಿ ನಿಂತಿದ್ದಳು. ಸೊಂಟದ ಮೇಲೆ ಅಕ್ಕನ ಕೂಸು.

ಕೇಳಬೇಕಾದದ್ದನ್ನು ಕೇಳದೆಯೇ ಗೌತಮಿ ಹೊರಟಾಗ ಸುನಂದಾ ಬೇಲಿಯವರೆಗೆ ಬಂದಳು. ಗೌತಮಿ ದನಿ ತಗ್ಗಿಸಿ, "ಈಗ್ಲೇ ನಡಿ, ಠಾಣೆಗೆ ಹೋಗೋಣ. ನಾ ಸಾಕ್ಷಿ ಹೇಳ್ತೀನಿ" ಎಂದಳು.

"ನೀವೇನ್ ನೋಡೀರಿ, ಸಾಕ್ಷಿ ಹೇಳ್ಲಿಕ್ಕಿ?" ಸುನಂದಾ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ನಾ ಒಲ್ಲೆ ಅಂದ್ರ ಇದಕ್ಕ ಒಯ್ತಾನ ಅವ. ಇದು ಹೆಣ್ಣು ಕೂಸದ, ಮೇಡಂ."

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಮೊದಲ ಸಲ ಅಕ್ಕ ಖರೇ ಬಂದಿದ್ದಳ್ರೀ. ಕೈ ಮಡಚಿ ಕೂತಿದ್ದಳು. ಆ ದೊಡ್ಡವರ ಮುಂದ ಮಾಡಿದ್ನಲ್ಲ, ಅವತ್ತು ಬರ್ಲಿಲ್ಲ. ಬರೇ ಕುರ್ಚಿ ಇತ್ತು."

"ಮತ್ತ್ಯಾಕ ಮಾತಾಡಿದಿ?"

"ನೀವು ನೋಡ್ಲತ್ತಿದ್ರಲ್ಲ, ಆಸೆಲಿಂದ."

ಅಷ್ಟು ಹೇಳಿ ಅವಳು, ಅಳತೊಡಗಿದ ಕೂಸಿನ ಬೆನ್ನು ತಟ್ಟುತ್ತ ಒಳಗೆ ಹೋದಳು. ಅಂಗಳದಲ್ಲಿ ಆ ಕುರ್ಚಿ ಇನ್ನೂ ಹಾಗೆಯೇ ಇತ್ತು. ಅಮರನಾಥ ಅದನ್ನು ನೆರಳಿಗೆ ಎಳೆದುಕೊಂಡು ಕಾಲು ಚಾಚಿ ಕೂತ.