ಕಣ್ಣಕ್ಕನ ರೆಪ್ಪೆ

ತೀರಿಕೊಂಡ ಹೆಂಡತಿಯ ರೆಪ್ಪೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ ಗಂಡ ಮೆಲ್ಲಗೆ ಬಿಟ್ಟರು. ಅದು ಮತ್ತೆ ಮೇಲಕ್ಕೆ ಸರಿಯಿತು. ಇನ್ನೊಂದು ಕಣ್ಣಿನದೂ ಅದೇ ಹಟ.

"ಬೆಳಗ್ಗಿಂದ ಇದೇ ಆಯ್ತು," ಎಂದರು ಅವರ ಅಕ್ಕ, ಬಾಗಿಲಲ್ಲೇ ನಿಂತು. "ಮುಖಕ್ಕೆ ಬಟ್ಟೆ ಹೊದಿಸಿಬಿಡು ಅತ್ಲಾಗೆ. ಬಂದವರೆಲ್ಲ ಒಂದ್ಸಲ ಇಣುಕಿ, ಆಮೇಲೆ ಗೋಡೆ ನೋಡ್ತಾ ಕೂರ್ತಾರೆ."

"ಮಗಳು ಬರ್ತಿದಾಳಲ್ಲ ಅಕ್ಕಾ. ಬಟ್ಟೆ ತೆಗೀದೇ ಇರ್ತಾಳಾ? ಅಮ್ಮ ಮಾಡ್ತಿದ್ದ ಗಾಜಿನ ಕಣ್ಣುಗಳಿಗೆ ಹೆದರಿ ತಾನೇ ಅವಳು ಹಾಸ್ಟೆಲ್ ಸೇರಿದ್ದು. ಇದನ್ನ ನೋಡಿದ್ರೆ ಬಾಗಿಲಿಂದಾನೇ ವಾಪಸ್ ಹೋಗ್ತಾಳೆ."

ಅವರು ಕಿಟಕಿಗೆ ಹೋದರು, ಮಂಚದ ಬಳಿ ಬಂದರು, ಮತ್ತೆ ಕಿಟಕಿಗೆ ಹೋದರು. ಶವ ಒಯ್ಯುವ ಗಾಡಿಗೂ ಮುಂಚೆ ಮಗಳು ಬರಬೇಕು, ಮಗಳಿಗೂ ಮುಂಚೆ ಈ ಕಣ್ಣು ಮುಚ್ಚಬೇಕು.

ಅಷ್ಟರಲ್ಲಿ ತೊಗಲು ಮಾಮ ಬಂದ. ಮ್ಯೂಸಿಯಮ್ಮಿನಲ್ಲಿ ಸತ್ತ ಪ್ರಾಣಿಗಳ ತೊಗಲು ಹದಮಾಡಿ, ಒಳಗೆ ತುಂಬಿಸಿ, ನಿಲ್ಲಿಸುವ ಕೆಲಸ ಅವನದು. ಅವನು ನಿಲ್ಲಿಸಿದ ಪ್ರಾಣಿಗಳಿಗೆ ಗಾಜಿನ ಕಣ್ಣು ಮಾಡಿಕೊಡುತ್ತಿದ್ದವಳು ಈಗ ಮಂಚದ ಮೇಲೆ ಮಲಗಿದ್ದಳು. ಮ್ಯೂಸಿಯಮ್ಮಿನ ಎಲ್ಲರಿಗೂ ಅವಳು ಕಣ್ಣಕ್ಕ.

"ಬಂದೆಯಾ, ಸದ್ಯ! ನಿನ್ ಕೈಲಿ ಆಗುತ್ತೆ ನೋಡು," ಎಂದರು ಗಂಡ. "ಹುಲಿ, ಕರಡಿ ಎಲ್ಲಾ ಮಾಡಿದೀಯ."

"ಅವನ್ನೆಲ್ಲ ತೆರೆಸಿದೀನಿ ಭಾವ. ಮುಚ್ಚಿಸಿಲ್ಲ, ಒಂದನ್ನೂ."

ಆದರೂ ಕೈ ತೊಳೆದು ಬಂದು ಕುಳಿತ. ರೆಪ್ಪೆ ಸೆಟೆದುಕೊಂಡಿತ್ತು. ಬಾವಲಿಯ ರೆಕ್ಕೆಯನ್ನೂ ಹರಿಯದೆ ಬಿಡಿಸಬಲ್ಲ ಬೆರಳುಗಳಿಗೂ ಅದು ಬಗ್ಗಲಿಲ್ಲ.

"ಅಂಟು ಗಿಂಟು ಇರಲ್ವಾ ನಿನ್ ಹತ್ರ?" ಎಂದರು ಅಕ್ಕ.

"ಇದೆ."

"ಮತ್ತೆ?"

"ಹಾಕಲ್ಲ."

ಅವನು ಇನ್ನಷ್ಟು ಬಾಗಿ ನೋಡಿದ. "ಪೊರೆ ಕಟ್ತಾ ಇದೆ ಭಾವ. ಗಾಳಿಗೆ ಒಣಗಿ, ಆಮೇಲೆ ಸುಣ್ಣ ಬಳಿದ ಹಾಗಾಗುತ್ತೆ. ಹತ್ತಿ ಕೊಡಿ, ಕಾಯಿಸಿ ಆರಿಸಿದ ನೀರೂ ಬೇಕು."

"ಮುಚ್ಚಪ್ಪಾ ಅಂದ್ರೆ ತೊಳೀತೀನಿ ಅಂತಾನೆ!" ಅಕ್ಕ ಗೊಣಗುತ್ತಲೇ ನೀರು ತರಲು ಹೋದರು.

"ಹುಡುಗಿ ಹೆದರ್ತಾಳೆ ಅಂತ ನಾನು ಸಾಯ್ತಿದೀನಿ, ನೀನು ಇನ್ನೂ ಹೊಳಪು ಕೊಡ್ತೀಯಾ?" ಗಂಡನ ದನಿ ಏರಿತು.

ತೊಗಲು ಮಾಮ ಒದ್ದೆ ಹತ್ತಿಯನ್ನು ಎರಡೂ ಕಣ್ಣುಗಳ ಮೇಲಿಟ್ಟು ಕಾಯುತ್ತ ಕುಳಿತ.

* * *

ಮಗಳು ಹಾಸ್ಟೆಲ್ ಸೇರುವ ಮುಂಚೆ, ಮ್ಯೂಸಿಯಮ್ಮಿನಲ್ಲಿ ಕಣ್ಣುಗಳಿಗೆಂದೇ ಹೊಸ ಕೋಣೆ ಆದ ವರ್ಷ. ಬೆಳಕು ಕತ್ತಲೆಯಷ್ಟೇ ತಿಳಿಯುವ ಚಪ್ಪಟೆಹುಳುವಿನ ಚುಕ್ಕೆಯಿಂದ ಹಿಡಿದು ಮನುಷ್ಯನ ಕಣ್ಣಿನವರೆಗೆ ಕಣ್ಣಕ್ಕ ತನ್ನ ಮಾದರಿಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ್ದಳು. ಕೊನೆಯ, ಮನುಷ್ಯನ ಕಣ್ಣಿನ ಜಾಗ ಮಾತ್ರ ಇನ್ನೂ ಖಾಲಿಯಿತ್ತು.

"ಸಾಲು ಬೇಡ ಕಣ್ಣಕ್ಕ, ವಿಕಾಸ ಅನ್ನೋದು ಏಣಿ ಅಲ್ಲ," ಎಂದರು ಪ್ರಾಣಿಶಾಸ್ತ್ರದ ಮೇಡಂ. "ಆಕ್ಟೋಪಸ್ ಕಣ್ಣು ಹೆಚ್ಚುಕಡಿಮೆ ನಮ್ಮದರ ಹಾಗೇ ಇದೆ. ಆದ್ರೆ ಅದರಿಂದ ನಮಗೆ ಬಂದಿದ್ದಲ್ಲ, ನಮ್ಮಿಂದ ಅದಕ್ಕೆ ಹೋಗಿದ್ದೂ ಅಲ್ಲ."

"ಎರಡು ಬೀದಿಯವರು ಒಬ್ಬರನ್ನೊಬ್ಬರು ಕೇಳದೇನೇ ಒಂದೇ ಥರ ಕಿಟಕಿ ಇಡಿಸಿಕೊಂಡ ಹಾಗೆ?"

"ಹಾಗೇ. ಅವರ ಕಿಟಕಿ ನಮ್ಮದಕ್ಕಿಂತ ವಾಸಿ. ನಮ್ಮಲ್ಲಿ ನರಗಳು ಅಕ್ಷಿಪಟದ ಮುಂದೆ ಹರಡಿ, ಒಂದು ಕಡೆ ತೂತು ಮಾಡ್ಕೊಂಡು ಹಿಂದೆ ಹೋಗ್ತವೆ. ಆ ತೂತಿನ ಜಾಗದಲ್ಲಿ ನಾವು ಕುರುಡರು. ಆಕ್ಟೋಪಸ್ಸಿನ ನರಗಳು ಹಿಂದಿನಿಂದಲೇ ಹೊರಡ್ತವೆ."

"ಅಂದ್ರೆ ನಮ್ಮ ವೈರಿಂಗ್ ಮಾಡಿದೋನು ನಿದ್ದೆಗಣ್ಣಲ್ಲಿದ್ದ ಅನ್ನಿ!" ಕಣ್ಣಕ್ಕ ನಕ್ಕು, ತಾನೇ ಸಾಲನ್ನು ಒಡೆದು ಕೊಂಬೆಗಳ ಹಾಗೆ ಹರಡಿದಳು.

ಮನುಷ್ಯನ ಕಣ್ಣಿಗೆ ಮಾದರಿಯಾಗಲೆಂದು ಶಾಲೆ ಬಿಟ್ಟು ಬಂದ ಮಗಳನ್ನು ಕಿಟಕಿಯ ಬೆಳಕಿಗೆ ಕೂರಿಸಿದಳು. ಹಣೆಗೆ ಪಟ್ಟಿ ಕಟ್ಟಿ, ಅದಕ್ಕೆ ಸಿಕ್ಕಿಸಿದ ಭೂತಗನ್ನಡಿಯನ್ನು ಕೆಳಗಿಳಿಸಿಕೊಂಡಳು.

"ಅಮ್ಮ, ನಂಗೆ ನಾಟಕದಲ್ಲಿ ಪಾರ್ಟ್ ಸಿಕ್ತು."

"ಮೇಲೆ ನೋಡು."

"ರಾಣಿ ಪಾರ್ಟು."

"ಅಲ್ಲಾಡಬೇಡ ಕಂದ. ಅಂಚಲ್ಲಿ ಕಂದು... ಒಳಗೆ ಜೇನು ಬಣ್ಣ..."

ಹುಡುಗಿ ಎದ್ದು ಹೋದದ್ದನ್ನು ಪಕ್ಕದ ಮೇಜಿನಿಂದ ತೊಗಲು ಮಾಮ ಕಂಡ. ಕಣ್ಣಕ್ಕ ಬಣ್ಣ ಕಲಸುತ್ತಿದ್ದಳು.

* * *

ಆಟೋ ನಿಂತ ಸದ್ದಿಗೆ ಗಂಡ ಬಾಗಿಲಿಗೆ ಅಡ್ಡ ನಿಂತರು. "ಒಂದ್ನಿಮಿಷ ಇರು ಪುಟ್ಟಿ. ಅಮ್ಮನ ಕಣ್ಣು..."

"ಅತ್ತೆ ಫೋನಲ್ಲಿ ಹೇಳಿದ್ರು." ಹೆಗಲ ಚೀಲವನ್ನೂ ಇಳಿಸದೆ ಅವಳು ಅವರನ್ನು ದಾಟಿ ಬಂದಳು. ಮಂಚದ ಕಾಲುದೆಸೆಯಲ್ಲಿ ನಿಂತುಬಿಟ್ಟಳು.

"ಹೆದರಬೇಡಮ್ಮ, ಹೊದಿಸಿಬಿಡ್ತೀವಿ," ಎಂದರು ಅತ್ತೆ.

"ಗಾಜಿನ ಗೋಲಿಗಳಿಗೆ ಯಾರು ಹೆದರ್ತಾರೆ ಅತ್ತೆ? ಅಪ್ಪ ಹಾಗಂದ್ಕೊಂಡ್ರು, ನಾನೂ ಸುಮ್ನಿದ್ದೆ." ಅವಳು ತೊಗಲು ಮಾಮನ ಕಡೆ ತಿರುಗಿದಳು. "ಅಮ್ಮ ನನ್ನ ಕಣ್ಣು ನೋಡ್ತಿದ್ಲು ಮಾಮ. ನನ್ನ ನೋಡ್ತಿರ್ಲಿಲ್ಲ. ನಾನೂ ಅವಳನ್ನ ನೋಡೋದು ಬಿಟ್ಟೆ."

ತೊಗಲು ಮಾಮ ತಲೆಯಾಡಿಸಿದ.

"ಅವಳ ಕಣ್ಣು ಯಾವ ಬಣ್ಣ ಅಪ್ಪ?"

ಗಂಡ ಬಾಯಿ ತೆರೆದರು. "ಕಪ್ಪು... ಕಂದು ಇರಬೇಕು." ಅಕ್ಕನತ್ತ ನೋಡಿದರು. ಅಕ್ಕ ಸೆರಗು ಸರಿಮಾಡಿಕೊಂಡರು.

ಹೊರಗೆ ಹಾರ್ನ್ ಕೇಳಿಸಿತು. "ಗಾಡಿ ಬಂತು. ಇನ್ನು ಮುಚ್ಚಿ," ಎಂದರು ಅಕ್ಕ.

ತೊಗಲು ಮಾಮ ಎರಡೂ ಹತ್ತಿಗಳನ್ನು ಎತ್ತಿ ಬಟ್ಟಲಿಗೆ ಹಾಕಿದ. ಸ್ಟೂಲು ಬಿಟ್ಟೆದ್ದು ಗೋಡೆಯ ಬದಿಗೆ ಸರಿದ. ಮಗಳು ಕುಳಿತಳು. ದೂರದ್ದು ಕಾಣದ ಅವಳಿಗೆ ಹತ್ತಿರದ್ದು ಚೆನ್ನಾಗಿ ಕಾಣುತ್ತಿತ್ತು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಹಾರ್ನ್ ಮತ್ತೆ ಕೂಗಿತು. ಯಾರೂ ಬಾಗಿಲಿಗೆ ಹೋಗಲಿಲ್ಲ.

ಅಮ್ಮನ ಒದ್ದೆಯಾಗಿದ್ದ ಕಣ್ಣಿನ ಮೇಲೆ ಕೋಣೆಯ ಕಿಟಕಿ ಅಕ್ಕಿಕಾಳಿಗಿಂತ ಸಣ್ಣದಾಗಿ, ಸರಳುಗಳ ಸಮೇತ ಮೂಡಿತ್ತು. ಅವಳು ಬಾಗಿದಳು. ಕಿಟಕಿಯೊಳಕ್ಕೆ ಅವಳದೇ ತಲೆ ಬಂತು, ದೊಡ್ಡದಾಯಿತು, ಸರಳುಗಳನ್ನೆಲ್ಲ ಮುಚ್ಚಿತು.