ಬಿಬಿಜಾನಳ ಎಡಗಾಲಿನ ಚಪ್ಪಲಿ

ಚಪ್ಪಾಳೆ ಇನ್ನೂ ನಿಂತಿಲ್ಲ, ಶಾಲಿನ ಜರಿ ಟ್ಯೂಬ್‌ಲೈಟಿಗೆ ಮಿಂಚುತ್ತಿದೆ, ಸೃಷ್ಟಿಗೆ ಒಪ್ಪುತ್ತದೆ ಬೇರೆ, ಇಪ್ಪತ್ತಾರರ ಹೆಗಲಿಗೆ ಏನು ಹಾಕಿದರೂ ಒಪ್ಪುತ್ತದೆ, ನಾನೂ ತಟ್ಟುತ್ತಿದ್ದೇನೆ, ಸದ್ದು ಬರದ ಹಾಗೆ — ಹಳೇ ಹುಬ್ಬಳ್ಳಿಯ ಈ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿ ದುಡಿದವಳಿಗೆ ಯಾರೂ ಒಂದು ಟವೆಲ್ಲನ್ನೂ ಹೊದಿಸಲಿಲ್ಲ, ಇವಳು ಹೊಸ ನರ್ಸು, ಬಂದು ಹದಿನಾಲ್ಕು ತಿಂಗಳು, ಸುಧಾರಣೆಯಂತೆ, ಗುಣಮಟ್ಟದ ಪ್ರಮಾಣಪತ್ರವಂತೆ, ದೊಡ್ಡ ಡಾಕ್ಟರು ಮೈಕಿನಲ್ಲಿ ಹೇಳುತ್ತಿದ್ದಾರೆ, ನಮ್ಮ ಸೃಷ್ಟಿ ಮೇಡಮ್ಮರಿಂದ ಇವತ್ತ ಈ ಕೇಂದ್ರಕ್ಕ ಹೆಸರ ಬಂದೈತ್ರಿ — ಮೇಡಮ್ಮರು! ನಾನು ಇವತ್ತಿಗೂ ಅವರಿಗೆ ಏ ಸಂಘಮಿತ್ರಾ. ಹೊಟ್ಟೆ ಉರಿಯುತ್ತದೆ, ಹೌದು, ಉರಿಯುತ್ತದೆ, ಯಾರ ಮುಂದೆ ಹೇಳಿಕೊಳ್ಳಲಿ.

ಮೊದಲು ಸಕ್ಕರೆ ಕಾಯಿಲೆಯವರೆಲ್ಲ ನನ್ನವರು, ನನ್ನ ಬೆಂಚಿಗೇ ಬಂದು ಕೂರುತ್ತಿದ್ದರು, ಈಗ ಟೋಕನ್ ಯಂತ್ರ ಹೇಳಿದ ಟೇಬಲ್ಲಿಗೆ ಹೋಗಬೇಕು, ಟ್ಯಾಬ್ ಕೇಳುವ ಹನ್ನೆರಡು ಪ್ರಶ್ನೆ, ಹೌದು, ಇಲ್ಲ, ನಾಲ್ಕು ನಿಮಿಷ, ಮುಂದಿನವರು ಬರ್ರಿ — ಸುಳ್ಳೇಕೆ, ಸಾಲು ಕರಗಿದೆ, ಔಷಧಿ ತೀರಿತೆಂಬ ಮಾತಿಲ್ಲ, ಬೆಳಗ್ಗೆ ಬಂದವರು ಮಧ್ಯಾಹ್ನದ ರೊಟ್ಟಿಗೆ ಮನೆ ಸೇರುತ್ತಾರೆ, ನನಗೆ ಅದೇ ಹೆಚ್ಚಿನ ಉರಿ, ಈ ಹುಡುಗಿ ಒಂದು ತಪ್ಪಾದರೂ ಮಾಡಬಾರದೇ. ಬಂದು ಕೇಳಿಯೂ ಇದ್ದಳು, ಅಕ್ಕಾ, ಈ ಪ್ರಶ್ನಿಯೊಳಗ ಏನರ ಬಿಟ್ಟೇನೇನ್ರಿ, ನೀವು ಅನುಭವಸ್ಥರು, ಹೇಳ್ರಿ — ಓದಿದೆ, ಒಂಬತ್ತನೆಯದು, ಕಾಲಿನಲ್ಲಿ ಗಾಯ ಇದೆಯೇ, ಹೀಗೆ ಕೇಳಿದರೆ ಯಾರು ಹೂಂ ಅನ್ನುತ್ತಾರೆ, ಹೂಂ ಅಂದರೆ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಕಾಲು ಕತ್ತರಿಸುತ್ತಾರೆಂದು ಈ ಓಣಿಯವರಿಗೆಲ್ಲ ಹೆದರಿಕೆ, ನಾನು ಎಂದೂ ಕೇಳಿದವಳಲ್ಲ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡುತ್ತಿದ್ದೆ, ಪಟ್ಟಿ ಸಡಿಲಿಸಿದ್ದರೆ, ಹಿಮ್ಮಡಿ ಒಂದೇ ಕಡೆ ಸವೆದಿದ್ದರೆ, ಕೂರಿಸಿ, ಮಳೆ ಮಗ್ಗದ ಮಾತಾಡುತ್ತ ಅವರ ಕಾಲನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಳ್ಳುತ್ತಿದ್ದೆ. ಅದನ್ನು ಅವಳಿಗೆ ಹೇಳಬೇಕಿತ್ತು. ಎಲ್ಲಾ ಛಲೋ ಬರದೀಯವ್ವಾ, ನನಗೇನ ತಿಳೀತೈತಿ, ಅಂದೆ.

ಬಿಬಿಜಾನ — ಕೌದಿ ಹೊಲಿಯುವ ಮುದುಕಿ, ಹದಿನೈದು ವರ್ಷ ನನ್ನ ಕೈಯಲ್ಲೇ ಔಷಧಿ ತಗೊಂಡವಳು, ಹೊರಡುವಾಗ ನನ್ನ ಕೆನ್ನೆ ಸವರಿ, ನನ್ನ ಮಗಳಿಗೆ ಯಾರ ಕಣ್ಣೂ ತಾಗಬಾರದವ್ವಾ, ಎಂದು ನೆಟಿಕೆ ಮುರಿಯುವವಳು — ಮೂರು ವಾರದ ಹಿಂದಿನ ಮಂಗಳವಾರ, ಬಾಗಿಲ ಬಳಿಯ ಹೊಸ ಸ್ಟೀಲ್ ಸ್ಟ್ಯಾಂಡಿನಲ್ಲಿ ಅವಳ ಚಪ್ಪಲಿ, ಬಲಗಾಲಿಗೆ ಅವಳದೇ ಹಸಿರು, ಎಡಗಾಲಿಗೆ ಗಂಡ ಅಜೀಮನ ದೊಡ್ಡ ಕಂದು ಚಪ್ಪಲಿ, ನೋಡಿದ ಕೂಡಲೇ ತಿಳಿಯಿತು, ಎಡಗಾಲು ಬಾತಿದೆ, ತನ್ನ ಚಪ್ಪಲಿ ಹಿಡಿಸುತ್ತಿಲ್ಲ, ಎದ್ದೇಬಿಟ್ಟಿದ್ದೆ ನಾನು — ಅಷ್ಟರಲ್ಲಿ ಸೃಷ್ಟಿಯ ಟೇಬಲ್ಲಿನಲ್ಲಿ ಬಿಬಿಜಾನಳ ದನಿ, ಗಾಯಾ ಗೀಯಾ ಏನೂ ಇಲ್ಲವ್ವಾ, ಎಲ್ಲಾ ಛಲೋ ಐತಿ, ಅನ್ನುತ್ತ ಸೃಷ್ಟಿಯ ಕೆನ್ನೆ ಸವರಿದಳು, ನೆಟಿಕೆ ಮುರಿದಳು, ಬೆರಳು ಬೆರಳೂ ನನಗೆ ಕೇಳಿಸಿತು. ಕೂತುಬಿಟ್ಟೆ. ನೋಡಲಿ, ಆ ಟ್ಯಾಬೇ ನೋಡಲಿ, ಸಿಕ್ಕಿಬೀಳಲಿ ಈ ಸೃಷ್ಟಿ, ಚೀಟಿ ಬರೆಯುವವಳ ಹಾಗೆ ತಲೆ ತಗ್ಗಿಸಿದೆ, ಚೀಟಿಯಲ್ಲಿ ಬರೆಯುವುದು ಏನೂ ಇರಲಿಲ್ಲ, ಮೇಜಿನ ಮುಂದೆ ಯಾರದೋ ನೆರಳು ನಿಂತಿತು, ನಿಂತೇ ಇತ್ತು, ಆಮೇಲೆ ಹೋಯಿತು.

ಇವತ್ತು ಬೆಳಗ್ಗೆ ಬಿಬಿಜಾನಳ ಸೊಸೆ ಅಬೀದಾ ಒಬ್ಬಳೇ ಬಂದಳು, ಹಾರ ಕಟ್ಟುತ್ತಿದ್ದೆವು ನಾವು, ಅತ್ತೀದು ಎರಡು ಕಾಲ್ಬೆರಳ ತಗದಾರ್ರಿ, ಪಾದ ಉಳಿತೈತೋ ಇಲ್ಲೋ ನಾಳಿ ಹೇಳ್ತಾರಂತ, ಸಿಸ್ಟರ್, ಅವತ್ತ ಅತ್ತಿ ನಿಮ್ಮ ಕಡೇನ ಬರಾವರ ಇದ್ರು, ಟೋಕನ್ನ ಆ ಟೇಬಲ್ಲಿಗೆ ಬಂತು, ಆ ಹುಡುಗಿ ಮುಂದ ಹೇಳಾಕ ಅಂಜಿಕಿ, ಹೊಳ್ಳಿ ಹೊಂಟಾಗ ನಿಮ್ಮ ಮುಂದ ಬಾಳ ಹೊತ್ತು ನಿಂತ್ರಂತ, ನೀವು ತಲೀನ ಎತ್ತಲಿಲ್ಲಂತ — ಈಗ ಕೇಳಾಕತ್ತಾರ್ರಿ, ನನ್ನ ಮಗಳಿಗೆ ನನ್ನ ಮ್ಯಾಲ ಸಿಟ್ಟೇನಂತ. ನಾನು ಹೂವಿನ ದಾರ ಹಲ್ಲಿನಿಂದ ಕಡಿಯುತ್ತಿದ್ದೆ, ಇಲ್ಲವ್ವಾ, ಅಂದೆ, ಕೆಲಸ ಬಾಳ ಇತ್ತು, ಅಂದೆ.

ಈಗ ಮೈಕಿನಲ್ಲಿ ಸೃಷ್ಟಿ, ಇವಳಿಗೆ ಇನ್ನೂ ಗೊತ್ತಿಲ್ಲ, ಅವಳ ಟ್ಯಾಬಿನಲ್ಲಿ ಬಿಬಿಜಾನಳ ಹೆಸರಿನ ಮುಂದೆ ಗಾಯ ಇಲ್ಲ ಎಂದೇ ಇದೆ — ನನಗ ಕೆಲಸ ಕಲಿಸಿದವರು ನಮ್ಮ ಸಂಘಮಿತ್ರಕ್ಕ, ಈ ಶಾಲು ಖರೇ ಅಂದ್ರ ಅವರದು, ಬರ್ರಿ ಅಕ್ಕಾ, ಮ್ಯಾಲ ಬರ್ರಿ — ಶಾಲು ಬಿಚ್ಚುತ್ತಿದ್ದಾಳೆ, ಎಲ್ಲರೂ ತಿರುಗಿದರು, ಇಷ್ಟು ವರ್ಷ ಕಾದ ಶಾಲು, ಕಾಲುಗಳು ತಾವಾಗಿಯೇ ನಡೆಯುತ್ತಿವೆ, ವೇದಿಕೆಯ ಮೇಲೆ ದೀಪ ಹಚ್ಚಿದ್ದಾರೆ, ಚಪ್ಪಲಿ ಬಿಟ್ಟು ಹತ್ತಬೇಕು, ಮೆಟ್ಟಿಲ ಹತ್ತಿರ ಬಿಡುತ್ತೇನೆ, ಬಲಗಾಲಿನದು ಬಿಟ್ಟೆ, ಎಡಗಾಲಿನದು — ಬರ್ರಿ ಅಕ್ಕಾ, ಯಾಕ ನಿಂತ್ರಿ — ನನ್ನವು ಎರಡೂ ಕಪ್ಪು, ಎರಡೂ ಒಂದೇ ಅಳತೆ, ಇವತ್ತು ಬೆಳಗ್ಗೆ ನಾನೇ ಹಾಕಿಕೊಂಡು ಬಂದದ್ದು, ಆದರೆ ಇಲ್ಲಿ ಬಲಕ್ಕೆ ಹಸಿರು, ಎಡಕ್ಕೆ ದೊಡ್ಡ ಕಂದು, ಬಲಕ್ಕೆ ಸಣ್ಣ ಹಸಿರು, ಎಡಕ್ಕೆ ಆ ದೊಡ್ಡ ಕಂದು ಚಪ್ಪಲಿ