ಬ್ಯಾಡಗಿ ಖಾರವಾದ ದಿನ

ಪ್ರಲ್ಹಾದ ಮೆಣಸಿನಕಾಯಿಯ ತುದಿ ಮುರಿದು ನಾಲಿಗೆಯ ಮೇಲಿಟ್ಟುಕೊಂಡ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ದಲಾಲಿಗೆ ನಿಂತ ಲಾಗಾಯ್ತು ಅವನು ಮಾಲು ನೋಡುವ ರೀತಿಯೇ ಅದು. ಬಣ್ಣಕ್ಕೆ ಕಣ್ಣು, ಖಾರಕ್ಕೆ ನಾಲಿಗೆ.

ಬಾಯಿಗೆ ಕೆಂಡ ಹಾಕಿದಂತಾಯಿತು. ಕಣ್ಣಲ್ಲಿ ನೀರು ಬಂತು.

“ಭಾಳ ಖಾರ ಅದ. ಗುಂಟೂರು ಬೆರೆಸ್ಯಾರ ಇದರಾಗ,” ಎಂದ.

ಸೋಲಾಪುರದಿಂದ ಮಾಲು ಕೊಳ್ಳಲು ಬಂದಿದ್ದ ಮಸಾಲೆ ವ್ಯಾಪಾರಿ ಮಲಕಪ್ಪ ಅದೇ ಚೀಲದ ಕಾಯಿಯೊಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಅಗಿದ. ಅವನ ಮುಖ ಇದ್ದ ಹಾಗೇ ಇತ್ತು.

“ಏನ್ರಿ ಪ್ರಲ್ಹಾದಣ್ಣ, ಅಪ್ಪಟ ಬ್ಯಾಡಗಿ ಐತಿ. ಕೂಸಿಗೆ ತಿನ್ನಿಸಿದ್ರೂ ಅಳಂಗಿಲ್ಲ. ಮನ್ಯಾಗ ವೈನಿ ಬರೇ ಮೊಸರನ್ನ ಹಾಕಾಕತ್ಯಾರೇನು?”

ಹಮಾಲರು ನಕ್ಕರು. ಪ್ರಲ್ಹಾದನೂ ನಕ್ಕ. ಬ್ಯಾಡಗಿಯನ್ನು ಗುಂಟೂರು ಎಂದ ದಲಾಲನ ಸುದ್ದಿ ಸಂಜೆಯೊಳಗೆ ಇಡೀ ಅಂಗಡಿ ಸಾಲಿಗೆ ಮುಟ್ಟುತ್ತದೆ. ಆದರೆ ಅವನು ಹೆದರಿದ್ದು ಅದಕ್ಕಲ್ಲ.

ಎಡಗೆನ್ನೆಯ ಒಳಗಿನ ಬಿಳಿ ಕಲೆಯನ್ನು ಅವನು ಮಳೆಗಾಲಕ್ಕೆ ಮೊದಲೇ ಕನ್ನಡಿಯಲ್ಲಿ ಕಂಡಿದ್ದ. ಹಣ್ಣು, ತರಕಾರಿ ಹೆಚ್ಚು ತಿನ್ನುವವರಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಕಡಿಮೆ ಎಂದು ಆಗಲೇ ಎಲ್ಲೋ ಓದಿದ. ಅಷ್ಟು ಸಾಕಾಯಿತು. ಯಾರಿಗೂ ಹೇಳದೆ ಪಪ್ಪಾಯಿ, ಮೋಸಂಬಿ, ಗಜ್ಜರಿ, ಪಾಲಕ್ ಶುರು ಮಾಡಿದ. ಬಾಯಿ ಉರಿದರೆ ಅದನ್ನು ಮೆಣಸಿನಕಾಯಿಯ ತಲೆಗೆ ಕಟ್ಟಿದ. ದಿನವಿಡೀ ಅದನ್ನೇ ಕಚ್ಚುವವನ ಬಾಯಿ ಉರಿಯದೆ ಇನ್ನೇನು? ಹೆಂಡತಿ ಸುಲಭಾಗಂತೂ ಹಿಗ್ಗೋ ಹಿಗ್ಗು. “ನಮ್ಮವರು ಈಗ ಋಷಿ ಆಗ್ಯಾರ್ರಿ, ಕರಿದದ್ದು ಮುಟ್ಟಂಗಿಲ್ಲ,” ಎಂದು ನೆರೆಯವರಿಗೆಲ್ಲ ಹೇಳಿ, ಡಬ್ಬಿಯಲ್ಲಿ ಹಣ್ಣು ಹೆಚ್ಚಿ ಕಳಿಸುತ್ತಿದ್ದಳು. ಹಣ್ಣು ತಿಂದ ಮೇಲೆ ಅವನು ಜೇಬಿನಿಂದ ಹುರಿದ ಅಡಿಕೆಯ ಸುಪಾರಿ ತೆಗೆದು ಬಾಯಿಗೆ ಹಾಕುತ್ತಿದ್ದ.

ಈಗ ನಾಲಿಗೆಯೇ ಸುಳ್ಳು ಹೇಳಿತ್ತು. ಮಲಕಪ್ಪನಿಗೆ ಚಹಾ ತರಿಸಿಕೊಟ್ಟು, ತಾನು ರಿಕ್ಷಾ ಹತ್ತಿ ದವಾಖಾನೆಗೆ ಹೋದ.

“ತಂಬಾಕು?” ಡಾಕ್ಟರ್ ಸ್ನೇಹಲ್ ಮರಾಠಿಯಲ್ಲಿ ಕೇಳಿದರು.

“ಮುಟ್ಟಿಲ್ಲ. ಕುಡಿತವೂ ಇಲ್ಲ. ಬರೀ ಸುಪಾರಿ,” ಎಂದು ಅವನೂ ಮರಾಠಿಯಲ್ಲೇ ಹೇಳಿದ.

“ಅದೊಂದೇ ಸಾಕು.” ಬಾಯಿ ಎಷ್ಟು ತೆರೆಯುತ್ತದೆಂದು ನೋಡಲು ಅವನದೇ ಮೂರು ಬೆರಳನ್ನು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಇಡಿಸಿದರು. ಎರಡೇ ಹಿಡಿದವು. “ಸುಪಾರಿಯಿಂದ ಬಾಯಿ ಒಳಗೆ ಬಿಗಿದಿದೆ, ಖಾರ ಉರಿಯುವುದೂ ಅದಕ್ಕೇ.”

“ಹಣ್ಣು ತಿನ್ನುತ್ತಿದ್ದೇನಲ್ಲ, ಡಾಕ್ಟರ್?”

“ತಿನ್ನಿ, ಒಳ್ಳೆಯದೇ. ಅಪಾಯ ಸ್ವಲ್ಪ ತಗ್ಗಬಹುದು. ಆದರೆ ಸುಪಾರಿ ಮಾಡಿದ್ದನ್ನು ಹಣ್ಣು ಅಳಿಸುವುದಿಲ್ಲ. ಕಲೆ ಕ್ಯಾನ್ಸರೋ ಅಲ್ಲವೋ, ಕಣ್ಣಲ್ಲಿ ನೋಡಿ ಹೇಳಲಾರೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಇವತ್ತೇ ತೆಗೆಯಬಹುದು.”

“ದೀಪಾವಳಿ ಸೀಸನ್ ಮುಗಿದ ಮೇಲೆ...”

“ಸ್ವಲ್ಪ ಹೊತ್ತು ಹೊರಗೆ ಕೂತು ಯೋಚಿಸಿ.”

ಅವನು ಕೂತ. ಎದ್ದ. ಕಿಟಕಿಯವರೆಗೆ ಹೋಗಿ ಬಂದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ರೀ, ಪಪ್ಪಾಯಿ ತಿಂದ್ರೇನು? ಇವತ್ತ ಭಾಳ ಸಿಹಿ ಇತ್ತು.”

“ಸುಲಭಾ, ಬಾಯಾಗ ಒಂದು ಕಲೆ ಆಗ್ಯದ. ದವಾಖಾನ್ಯಾಗ ಇದ್ದೀನಿ.”

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. “ಯಾವಾಗಿಂದ?”

“ಮಳಿಗಾಲದ ಮುಂಚಿಂದ.”

“ಅಂದ್ರ ಈ ಹಣ್ಣು, ಪಲ್ಲೆ ಎಲ್ಲಾ ಔಷಧ ಅಂತ ತಿಂತಿದ್ರಾ? ಋಷಿ ಆಗ್ಯಾರ ಅಂತ ಓಣಿ ತುಂಬ ಹೇಳ್ಕೋತ ತಿರಗೀನಲ್ರೀ ನಾ!” ಅವಳ ದನಿ ಸಿಟ್ಟೋ ಅಳುವೋ ತಿಳಿಯಲಿಲ್ಲ. “ಡಾಕ್ಟರ್ ಏನಂತಾರ?”

“ಚೂರು ತೆಗೀತಾರಂತ. ದೀಪಾವಳಿ ಆದಮ್ಯಾಲ ನೋಡೂಣು...”

“ದೀಪಾವಳಿ ಹಾಳಾಗ್ಲಿ. ಅಲ್ಲೇ ಕೂಡ್ರಿ. ಬಂದೆ.”

ಅವನು ಕೂಡಲಿಲ್ಲ. ಮೆಟ್ಟಿಲ ತನಕ ಬಂದ. ಕೆಳಗೆ ಖಾಲಿ ರಿಕ್ಷಾ ನಿಂತಿತ್ತು. ಮಲಕಪ್ಪ ಇನ್ನೂ ಅಂಗಡಿಯಲ್ಲೇ ಇರಬಹುದು. ಇಳಿಯಲೋ ಬೇಡವೋ ಎನ್ನುತ್ತಿರುವಾಗ ಹಲ್ಲಿನ ನಡುವೆ ಏನೋ ಕಟಕ್ಕೆಂದಿತು. ಸುಪಾರಿ. ಕೈ ಯಾವಾಗ ಜೇಬಿಗೆ ಹೋಯಿತು, ಯಾವಾಗ ಬಾಯಿಗೆ ಬಂತು, ಅವನಿಗೆ ಗೊತ್ತೇ ಆಗಿರಲಿಲ್ಲ.

ಉಗುಳಿ ಬಂದ, ಬಾಯಿ ಮುಕ್ಕಳಿಸಿದ, ನೇರ ಕೌಂಟರಿಗೆ ಹೋದ.

“ಇವತ್ತೇ ತೆಗೆಯಲಿ ಎಂದು ಡಾಕ್ಟರಿಗೆ ಹೇಳಿ.”

“ಜೊತೆಗೆ ಯಾರಾದರೂ ಇದ್ದಾರೆಯೇ?” ಅಲ್ಲಿದ್ದ ಹುಡುಗಿ ಕೇಳಿದಳು.

“ಬರುತ್ತಿದ್ದಾಳೆ,” ಎಂದ ಪ್ರಲ್ಹಾದ. “ಕಾಯುವುದು ಬೇಡ. ಕಾದರೆ ನಾನು ಓಡಿಹೋಗುತ್ತೇನೆ.”